ಫೈನಲ್ ದಿನದ ವೀಕ್ಷಕ ವಿವರಣೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಕಣ್ಣೆದುರು ಏನು ನಡೆದರೂ ಅದನ್ನು ಬಾಯಿಬಿಟ್ಟು ಹೇಳಿಬಿಡುವುದು. ಯಾರಿಗೂ ಅಲ್ಲ, ಸುಮ್ಮನೆ, ತುಟಿಯಂಚಿನಲ್ಲಿ. ಮೊನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಆಲ್ದೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಎದುರಿಗೆ ಒಬ್ಬ ಅಜ್ಜ ಕಂಕುಳಲ್ಲಿ ಛತ್ರಿ, ಎಡಗೈಯಲ್ಲಿ ಬಾಳೆಗೊನೆ ಹಿಡಿದುಕೊಂಡು ಬಸ್ಸು ಹತ್ತಲು ಹೆಣಗುತ್ತಿದ್ದರು. "ಬಲಗೈ ಚಾಚಿದ್ದಾರೆ, ಕಂಬಿ ಸಿಕ್ಕಲಿಲ್ಲ, ಮತ್ತೊಂದು ಪ್ರಯತ್ನ, ಈಗ ಸಿಕ್ಕಿತು, ಮೊದಲನೇ ಮೆಟ್ಟಿಲು..." ಎಂದು ನನ್ನ ಪಾಡಿಗೆ ನಾನು ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೊಮ್ಮೆ ದಿಟ್ಟಿಸಿ, ಚೀಲ ಎತ್ತಿಕೊಂಡು ಆಚೆ ಬೆಂಚಿಗೆ ಹೋದಳು. ಅವಳದೇನೂ ತಪ್ಪಿಲ್ಲ. ಎದ್ದು ಹೋಗಿ ಅಜ್ಜನ ಬಾಳೆಗೊನೆ ಹಿಡಿದುಕೊಳ್ಳುವ ಬದಲು ಅವರನ್ನು ವರ್ಣಿಸುತ್ತ ಕೂತವನ ಪಕ್ಕದಲ್ಲಿ ಯಾರು ತಾನೆ ಕೂರುತ್ತಾರೆ? ಹಾಲು ಉಕ್ಕುತ್ತಿದ್ದರೆ ನಾನು ಒಲೆ ಆರಿಸುವುದಿಲ್ಲ, ಉಕ್ಕುತ್ತಿದೆ ಎಂದು ಹೇಳುತ್ತ ನಿಲ್ಲುತ್ತೇನೆ ಎನ್ನುವುದು ನನ್ನ ಹೆಂಡತಿಯ ಹಳೆಯ ದೂರು. ಅದು ಪೂರ್ತಿ ಸುಳ್ಳಲ್ಲ.

ನಾನು ರೇಡಿಯೊದಲ್ಲಿ ಕೆಲಸಕ್ಕಿದ್ದವನು. ಕೆಲವು ವರ್ಷ ಆಟೋಟಗಳ ವೀಕ್ಷಕ ವಿವರಣೆ ಕೊಡುತ್ತಿದ್ದೆ. ಈ ಮಾತು ಈಗಿನವರ ಮುಂದೆ ಹೇಳಿದರೆ ಒಂದು ಕ್ಷಣ ಯೋಚಿಸಿ, "ಓ, ಕಾಮೆಂಟರಿನಾ" ಅನ್ನುತ್ತಾರೆ. ಟೀವಿಯ ಕಾಮೆಂಟರಿಯಲ್ಲ ಸ್ವಾಮಿ, ಆಟ ಯಾರಿಗೂ ಕಾಣದೆ ಇದ್ದ ಕಾಲದ್ದು. ಮೈದಾನದಲ್ಲಿ ಕೂತ ಒಬ್ಬನ ಬಾಯಿಯೇ ಊರೂರುಗಳಲ್ಲಿ ಕೂತವರ ಕಣ್ಣಾಗಿದ್ದ ಕಾಲದ್ದು. ಹೀಗೆ ವಿವರಿಸಿ ಹೇಳುವಷ್ಟರಲ್ಲಿ ಅವರು ಮೊಬೈಲು ನೋಡತೊಡಗಿರುತ್ತಾರೆ.

ಆಲ್ದೂರಿಗೆ ಹೊರಟದ್ದಕ್ಕೆ ಕಾರಣವಿತ್ತು. ಅಲ್ಲಿ ನಮ್ಮಪ್ಪನ ದಿನಸಿ ಅಂಗಡಿ ಇದೆ. ಇದೆ ಅನ್ನುವುದು ಈ ವಾರದ ಮಟ್ಟಿಗೆ ಮಾತ್ರ. ರಸ್ತೆ ಅಗಲ ಮಾಡುತ್ತಾರೆಂದು ಸಾಲು ಅಂಗಡಿಗಳ ಗೋಡೆಯ ಮೇಲೆಲ್ಲ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದರು. ನಮ್ಮ ಪಾಲಿನ ಗುರುತು ಅಂಗಡಿಯನ್ನು ದಾಟಿ ಅದರ ಹಿಂದಿನ ಕೋಣೆಯವರೆಗೂ ನುಗ್ಗಿತ್ತು. ಅಣ್ಣ ಹೋದ ವರ್ಷ ತೀರಿಕೊಂಡ. ಅತ್ತಿಗೆ ಫೋನ್ ಮಾಡಿ, ಒಡೆಯುವ ಮೊದಲು ಒಂದು ಸಲ ಬಂದು ನೋಡಿಕೊಂಡು ಹೋಗಿ, ಆಮೇಲೆ ನೋಡಬೇಕೆಂದರೂ ಇರುವುದಿಲ್ಲ ಎಂದಿದ್ದರು. ಅಣ್ಣನ ಮಗ ಬಸ್ ಸ್ಟ್ಯಾಂಡಿನ ಹತ್ತಿರ ಬೇರೆ ಅಂಗಡಿ, ಅದರ ಮೇಲೆಯೇ ಮನೆ ಹಿಡಿದಿದ್ದಾನೆ. ಸಾಮಾನೆಲ್ಲ ಆಗಲೇ ಅಲ್ಲಿಗೆ ಹೋಗಿತ್ತು. ಹಾಗಾಗಿ ನೋಡುವುದಕ್ಕೆ ಗೋಡೆಗಳ ಹೊರತು ಏನೂ ಉಳಿದಿರಲಿಲ್ಲ. ಗೋಡೆ ನೋಡುವುದಕ್ಕೆಂದು ಬಸ್ಸು ಹತ್ತುವ ವಯಸ್ಸು ನನ್ನದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದು ಹತ್ತು ಹನ್ನೆರಡು ದಿನವಾಗಿರಬೇಕು, ದಾರಿಯುದ್ದಕ್ಕೂ ತೋಟಗಳಲ್ಲಿ ಕಾಫಿ ಹೂವು ಬಾಡಿ ಕಂದುಬಣ್ಣಕ್ಕೆ ತಿರುಗಿತ್ತು. ಕಾಫಿ ಹೂವು ಬೆಳ್ಳಗೆ ಅರಳಿ ಘಮಘಮಿಸುವುದನ್ನು ಎಲ್ಲರೂ ಹೇಳುತ್ತಾರೆ. ನಾನು ಹೋಗುವ ಹೊತ್ತಿಗೆ ಅದು ಯಾವಾಗಲೂ ಬಾಡಿರುತ್ತದೆ.

ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಕತ್ತಲೆ ಕೋಣೆ. ಅಲ್ಲಿ ಬೆಲ್ಲದ ಅಚ್ಚು, ಒಣಮೆಣಸಿನಕಾಯಿಯ ಚೀಲ ಎಲ್ಲ ಇದ್ದವು, ಒಣಮೀನಿನ ವಾಸನೆ ಮಾತ್ರ ಇರಲಿಲ್ಲ, ಏಕೆಂದರೆ ನಾವು ಲಿಂಗ ಕಟ್ಟಿಕೊಂಡವರು. ಆ ವಾಸನೆ ಪಕ್ಕದ ಅಂಗಡಿಯಿಂದ ಪುಕ್ಕಟೆಯಾಗಿ ಬರುತ್ತಿತ್ತು. ಅವ್ವ ಗಿರಾಕಿಗಳಿರುವಾಗ ಅಂಗಡಿಗೆ ಬರುತ್ತಿರಲಿಲ್ಲ. ಬರಬಾರದೆಂದು ಯಾರೂ ಹೇಳಿರಲಿಲ್ಲ, ಬರುತ್ತಿರಲಿಲ್ಲ, ಅಷ್ಟೆ. ಆದರೆ ರಸ್ತೆಯಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಇದ್ದರೆ ಅವಳಿಗೆ ಸಾರಿಗೆ ಒಗ್ಗರಣೆ ಹಾಕುವುದೇ ಸಾಧ್ಯವಾಗುತ್ತಿರಲಿಲ್ಲ. ಬಸ್ಸಿನ ಹಾರನ್ ಕೇಳಿದ ಕೂಡಲೆ, ಯಾರು ಇಳಿದರು ಎಂದು ಒಳಗಿನಿಂದ ಪ್ರಶ್ನೆ ಬರುತ್ತಿತ್ತು. ನಾನು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು, ಬಾಳೆಹೊನ್ನೂರಿನ ಕಡೆಯಿಂದ ಬಂದು ಇಳಿದವರನ್ನು ಒಬ್ಬೊಬ್ಬರಾಗಿ ಒಳಗೆ ಒಪ್ಪಿಸುತ್ತಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಕೈಯಲ್ಲಿ ಹೊಸ ಟಾರ್ಚು. ಮೇಸ್ತ್ರಿಯ ಹೆಂಡತಿ, ಮಗು ಸೊಂಟದ ಮೇಲೆ, ಅಳುತ್ತಿದೆ. ಯಾವ ಬಣ್ಣದ ಸೀರೆ ಎಂದು ಅವ್ವ ಕೇಳಿದರೆ, ನಾನು ಸರಿಯಾಗಿ ನೋಡಿರದಿದ್ದರೂ ಹಸಿರು ಅಂದುಬಿಡುತ್ತಿದ್ದೆ. ಮುಂದೆ ಇದೇ ನನ್ನ ಕಸುಬಾಯಿತು. ನೋಡಿರದಿದ್ದರೂ ಹಸಿರು ಅನ್ನುವುದೂ ಸೇರಿ.

ಅಪ್ಪ ರೇಡಿಯೊ ಕೊಂಡದ್ದು ಸಂಗೀತದ ಹುಚ್ಚಿಗಲ್ಲ. ಎದುರಿನ ಕ್ಷೌರದಂಗಡಿಯವನು ಕೊಂಡಿದ್ದ, ಅದಕ್ಕೆ. ಮ್ಯಾಚು ಇರುವ ದಿನ ಅಂಗಡಿಯ ಮುಂದೆ ಜನ ಸೇರುತ್ತಿತ್ತು. ಆಗಿನ್ನೂ ಕನ್ನಡದಲ್ಲಿ ವಿವರಣೆ ಅಪರೂಪ. ರಿಟೈರಾದ ಎಸ್ಟೇಟ್ ರೈಟರೊಬ್ಬರು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ರೇಡಿಯೊದವನು ಉಸಿರು ಕಟ್ಟಿ ಎಷ್ಟು ಉದ್ದ ಹೇಳಿದರೂ ಇವರ ಅನುವಾದ ಒಂದೇ: "ಬಾಲು ಹೋಯ್ತು." ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಲು ಎಲ್ಲಿಗೆ ಹೋಯಿತು ಎಂದು ಹೇಳುವವನು ಒಬ್ಬ ಬೇಕು ಎಂದು ನನಗೆ ಆಗಲೇ ಅನ್ನಿಸಿರಬೇಕು. ಅಥವಾ ಈಗ ಬರೆಯುವಾಗ ಹಾಗೆ ಅನ್ನಿಸುತ್ತಿರಬೇಕು.

ಡಿಗ್ರಿ ಮುಗಿಸಿ, ಎರಡು ವರ್ಷ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟಿ, ರೇಡಿಯೊ ಕೇಂದ್ರದ ಧ್ವನಿ ಪರೀಕ್ಷೆಗೆ ಹೋದೆ. ಪರೀಕ್ಷೆ ಮಾಡಿದವರು ವೆಂಕಟರಾಮಯ್ಯ ಎಂಬ ಹಿರಿಯರು. ಮುಂದೆ ನನಗೆ ಕ್ರೀಡಾ ವಿವರಣೆ ಕಲಿಸಿದವರೂ ಅವರೇ. ನನ್ನ ದನಿ ಕೇಳಿ, ಚೆನ್ನಾಗಿದೆ, ಆದರೆ ಯಾರಿಗೋ ಕೆಟ್ಟ ಸುದ್ದಿ ಹೇಳಲು ಬಂದವನ ಹಾಗಿದೆ ಎಂದರು. ಅದಕ್ಕೇ ಇರಬೇಕು, ಮೊದಲು ಕೆಲವು ವರ್ಷ ನನ್ನಿಂದ ಪೇಟೆ ಧಾರಣೆ, ಹವಾಮಾನ, ಕಾಣೆಯಾದವರ ಪ್ರಕಟಣೆ ಓದಿಸಿದರು. ಅಡಿಕೆಯ ಬೆಲೆ ಏರಿದೆ ಎಂದು ನಾನು ಓದಿದರೂ ಕೇಳುಗರಿಗೆ ಇಳಿದ ಹಾಗೆ ಕೇಳಿಸುತ್ತಿತ್ತಂತೆ.

ಆಟದ ವಿವರಣೆಗೆ ನನ್ನನ್ನು ಮೊದಲು ಕೂರಿಸಿದ್ದು, ಬರಬೇಕಾದವರಿಗೆ ಜ್ವರ ಬಂತೆಂದು. ಯಾವುದೋ ಕಾಲೇಜು ಹಾಕಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮೈದಾನಕ್ಕೆ ಒಂದು ಕಂದುನಾಯಿ ನುಗ್ಗಿತು. ನನಗೆ ಹಾಕಿಯ ನಿಯಮಗಳು ಅಷ್ಟು ಗೊತ್ತಿರಲಿಲ್ಲ, ನಾಯಿ ಚೆನ್ನಾಗಿ ಗೊತ್ತಿತ್ತು. ಅದು ಎಡಗಡೆಯಿಂದ ಬಂದದ್ದು, ಮೂಸಿದ್ದು, ಅಂಪೈರು ಅಟ್ಟಿದ್ದು, ಬಾಲ ಮಡಚಿ ಗೇಟಿನ ಕಡೆ ಓಡಿದ್ದು, ಎಲ್ಲವನ್ನೂ ಮನಸಾರೆ ಬಣ್ಣಿಸಿದೆ. ತಿರುಗಿ ನೋಡುತ್ತೇನೆ, ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ. ಗೋಲು ಆಗಿಹೋಗಿತ್ತು. ಆ ದಿನ ಕಿವಿ ಹಿಂಡದೆ ವೆಂಕಟರಾಮಯ್ಯನವರು ನನಗೆ ಒಂದೇ ಮಾತು ಹೇಳಿದರು. ತಪ್ಪು ಹೇಳಿದರೂ ಚಿಂತೆಯಿಲ್ಲ, ಸುಮ್ಮನಾಗಬೇಡ. ನೀನು ಸುಮ್ಮನಾದರೆ ಕೇಳುತ್ತಿರುವವನು ತನ್ನ ರೇಡಿಯೊ ಕೆಟ್ಟಿತೆಂದು ಅದಕ್ಕೆ ಹೊಡೆಯುತ್ತಾನೆ ಎಂದು.

ಈ ಕಸುಬಿನ ಬಗ್ಗೆ ನನಗೆ ತಿಳಿದದ್ದು ಇಷ್ಟೆ. ಹೇಳುವವನು ಯಾವಾಗಲೂ ಆಟಕ್ಕಿಂತ ಒಂದು ಗುಕ್ಕು ಹಿಂದೆ ಇರುತ್ತಾನೆ. ನಾನು 'ಹೊಡೆದರು' ಅನ್ನುವಾಗ ಚೆಂಡು ಆಗಲೇ ಹೋಗಿರುತ್ತದೆ. ಕೇಳುವವನಿಗೆ ಮಾತ್ರ ಎಲ್ಲವೂ ಈಗಷ್ಟೇ ನಡೆಯುತ್ತಿರುತ್ತದೆ. ಮುಗಿದುಹೋದದ್ದನ್ನು ನಡೆಯುತ್ತಿರುವಂತೆ ಹೇಳುವುದು, ಇದು ಸಂಬಳ ಕೊಟ್ಟು ಮಾಡಿಸುವ ಕೆಲಸ. ಈಗ ವಯಸ್ಸಾದ ಮೇಲೆ ಪುಕ್ಕಟೆಯಾಗಿ ಮಾಡುತ್ತಿದ್ದೇನೆ.

ಹೊರದೇಶದ ತಂಡಗಳೂ ಬಂದಿದ್ದ ಒಂದು ದೊಡ್ಡ ಹಾಕಿ ಪಂದ್ಯಾವಳಿ ಬೆಂಗಳೂರಿನಲ್ಲಿ ನಡೆಯಿತು. ಫೈನಲ್‌ಗೆ ನಮ್ಮ ದೇಶದ ತಂಡ ಬಂದೇ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕನ್ನಡದಲ್ಲಿ ವಿವರಣೆ ಕೊಡಲು ಇಬ್ಬರನ್ನು ಆರಿಸಿದರು, ಅವರಲ್ಲಿ ನಾನೊಬ್ಬ. ಅಂಥ ಅವಕಾಶ ನಮ್ಮ ಕೆಲಸದಲ್ಲಿ ಒಂದು ಸಲ ಬಂದರೆ ಬಂತು. ಅಣ್ಣ ಆಲ್ದೂರಿನಲ್ಲಿ ಎಣ್ಣೆ ಕೊಳ್ಳಲು ಬಂದವರಿಗೂ ಉಪ್ಪು ಕೊಳ್ಳಲು ಬಂದವರಿಗೂ ಈ ವಿಷಯ ಹೇಳಿ ಮುಗಿಸಿದ್ದ. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಅವ್ವ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಚಿಕ್ಕಮಗಳೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ, ಕೇಳಿದ್ದು ಕೊಡಿ ಎಂದಿದ್ದರು. ಹಾಗೆಂದರೆ ಏನು ಅಂತ ನಮಗೆಲ್ಲ ಗೊತ್ತಿತ್ತು. ಅವಳು ಏನೂ ಕೇಳುತ್ತಿರಲಿಲ್ಲ.

ಪಂದ್ಯಾವಳಿಗೆ ಹೊರಡುವ ಮೊದಲು ಎರಡು ದಿನ ಊರಿಗೆ ಹೋಗಿದ್ದೆ. ಕಾಫಿ ಕೊಯ್ಲಿನ ಕಾಲ. ತೋಟಗಳ ಕಡೆಯಿಂದ ಹಣ್ಣಿನ ಸಿಪ್ಪೆ ಕೊಳೆತ ಹುಳಿವಾಸನೆ ಊರೊಳಗೂ ಬರುತ್ತಿತ್ತು. ಅವ್ವನನ್ನು ಆ ನಡುವಿನ ಕೋಣೆಯಲ್ಲಿ ಮಲಗಿಸಿದ್ದರು. ಅಂಗಡಿಯವರಿಗೂ ಅಡಿಗೆಮನೆಯವರಿಗೂ ಕೂಗಿದರೆ ಕೇಳುವ ಜಾಗ ಅದೊಂದೇ. ಬೆಂಗಳೂರಿನಲ್ಲಿ ನಿನಗೆ ಅಂಥದ್ದೇನು ಕೆಲಸ ಎಂದು ಕೇಳಿದಳು. ಅಲ್ಲಿ ಆಡುವುದನ್ನು ನೋಡಿ ಎಲ್ಲರಿಗೂ ಹೇಳಬೇಕು ಎಂದೆ.

"ಅದ್ನ ಇಲ್ಲೇ ಮಾಡ್ತಿದ್ಯಲ್ಲೋ," ಎಂದಳು.

ಹೋಗುವುದೋ ಬೇಡವೋ ಎಂದು ನನಗೇ ತಿಳಿಯಲಿಲ್ಲ. ಹೋಗಬೇಕೆಂಬ ಆಸೆ ಇತ್ತು, ಅದಕ್ಕೇ ಬೇಡ ಅನ್ನಿಸುತ್ತಿತ್ತು. ಅಣ್ಣನೇ ನಿರ್ಧಾರ ಮಾಡಿದ.

"ಹೋಗು ಮಾರಾಯ," ಎಂದ. "ಇಲ್ಲಿ ಕೂತ್ಕಂಡು ಅವಳ ಮುಖ ನೋಡಿದ್ರೆ ವಾಸಿಯಾಗ್ತದಾ? ರೇಡಿಯೊ ಅವಳ ತಲೆ ಹತ್ರನೇ ಇಡ್ತೀನಿ. ನೀನು ಇಲ್ಲೇ ಇದ್ದಂಗೆ ಆಗ್ತದೆ."

ಆ ಮಾತು ನನಗೆ ಬೇಕಾಗಿತ್ತು. ಬೆಳಗಿನ ಬಸ್ಸಿಗೆ ಹೊರಟೆ.

ಫೈನಲ್ ಬಗ್ಗೆ ಏನು ಹೇಳಲಿ. ಆಟ ಸಮಬಲದಲ್ಲೇ ಸಾಗಿತು. ನಾವಿಬ್ಬರು ಒಬ್ಬರಾದ ಮೇಲೊಬ್ಬರು ಮಾತಾಡಬೇಕಿತ್ತು, ಆದರೆ ನನ್ನ ಜೊತೆಯವರಿಗೆ ಬೆಳಗಿನಿಂದ ಗಂಟಲು ಕಟ್ಟಿತ್ತು. ನಡುನಡುವೆ ನಾಲ್ಕು ಮಾತಾಡಿ ಕೈಸನ್ನೆ ಮಾಡಿ ಮೈಕು ನನ್ನ ಕಡೆ ತಳ್ಳುತ್ತಿದ್ದರು. ನನಗೂ ಅದು ಬೇಡವಾಗಿರಲಿಲ್ಲ. ಆ ದಿನ ಮಾತು ತಾನಾಗಿ ಬರುತ್ತಿತ್ತು. ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಆಟಗಾರನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು ಅನ್ನಬೇಕು, ಹಾಗಿತ್ತು. ಎದುರಾಳಿಗಳ ಗೋಲ್‌ಕೀಪರು ಸ್ವಲ್ಪ ದಪ್ಪ ಆಳು. ಅವರು ನಿಂತರೆ ಗೋಲಿನ ಕಂಬಗಳಿಗೆ ಕೆಲಸವಿಲ್ಲ ಎಂದು ಒಂದು ತಮಾಷೆಯನ್ನೂ ಮಾಡಿದೆ. ಹೆಚ್ಚುವರಿ ಸಮಯಕ್ಕೆ ಹೋಯಿತು. ಕೊನೆಗೆ ನಮ್ಮ ಬಲಬದಿಯ ಆಟಗಾರ ಮೂವರನ್ನು ದಾಟಿಕೊಂಡು ಬಂದು ಹೊಡೆದದ್ದು ಕೀಪರನ ಕಾಲಿಗೆ ತಾಗಿ ಒಳಗೆ ಉರುಳಿತು. ನಾನು ಕುರ್ಚಿಯಿಂದ ಎದ್ದು ಗೋಲ್ ಎಂದು ಕೂಗಿದೆ. ಕೂಗಿದೆ ಅಂದರೆ ಸಾಲದು, ಅರಚಿದೆ. ಉಸಿರು ಮುಗಿಯುವವರೆಗೂ ಅರಚಿದೆ.

ಎಲ್ಲ ಮುಗಿದು ಮೈಕು ಆರಿದ ಮೇಲೆ ಬೇರೆ ಭಾಷೆಯಲ್ಲಿ ವಿವರಣೆ ಕೊಟ್ಟವರೆಲ್ಲ ಬಂದು ಬೆನ್ನು ತಟ್ಟಿದರು. ವೆಂಕಟರಾಮಯ್ಯನವರು ಮಾತ್ರ ನಗಲಿಲ್ಲ. ಏನೋ ದೊಡ್ಡ ತಪ್ಪು ಮಾತಾಡಿದ್ದೇನೆ ಎಂದುಕೊಂಡೆ. ಅವರು ನನ್ನನ್ನು ಆಚೆ ನಿಂತಿದ್ದ ವ್ಯಾನಿನೊಳಗೆ ಕೂರಿಸಿ, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೈಗೆ ಕೊಟ್ಟರು. ಕುಡಿಯುವವರೆಗೂ ಕಾದರು.

"ರುದ್ರೇಶ, ಊರಿಂದ ಫೋನ್ ಬಂದಿತ್ತು," ಎಂದರು. "ನಿಮ್ಮ ತಾಯಿ ಹೋಗ್ಬಿಟ್ರಂತೆ."

ಯಾವಾಗ ಎಂದು ಕೇಳಿದೆ. ಆಟ ನಡೆಯುತ್ತಿದ್ದಾಗ ಎಂದರು. ಫೋನ್ ಬಂದ ಕೂಡಲೆ ಹೇಳಬಹುದಿತ್ತು, ಮೈಕು ಆರುವವರೆಗೆ ಹೇಳಲಿಲ್ಲ, ಹೇಳಿದ್ದರೂ ಬೆಳಗಾಗುವುದಕ್ಕೆ ಮೊದಲು ಆಲ್ದೂರು ಮುಟ್ಟುತ್ತಿರಲಿಲ್ಲ ಎಂದೂ ಸೇರಿಸಿದರು. ಅವರ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ, ಈಗಲೂ ಇಲ್ಲ. ತಾವೇ ಕಾರು ಮಾಡಿಕೊಟ್ಟರು. ದಾರಿಯಲ್ಲಿ ಹೋಟೆಲುಗಳ ಮುಂದೆ ಜನ ಪಟಾಕಿ ಹೊಡೆಯುತ್ತಿದ್ದರು.

ಬೆಳಗ್ಗೆ ಮನೆ ಮುಟ್ಟಿದಾಗ ಅವ್ವನನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಮಲಗಿಸಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಕೂತವರು ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಾರೆ. ಕ್ಷೌರದಂಗಡಿಯವನು ನನ್ನ ಕೈ ಹಿಡಿದು, ನಿನ್ನೆ ಎಂಥಾ ವಿವರಣೆ ಕೊಟ್ಟೆ ಎಂದು ಶುರುಮಾಡಿ, ಜಾಗ ನೆನಪಾಗಿ ತಲೆ ತಗ್ಗಿಸಿದ. ಅಣ್ಣ ಒಳಗಿನಿಂದ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ನಿನ್ನ ದನಿ ಕೇಳ್ತಾ ಕೇಳ್ತಾನೇ ಹೋದ್ಲು ಕಣೋ," ಎಂದ.

ಸುತ್ತ ನಿಂತಿದ್ದವರು ತಲೆಯಾಡಿಸಿದರು. ಎಂಥಾ ಪುಣ್ಯ ಎಂದು ಯಾರೋ ಹೆಂಗಸರು ಹೇಳಿದರು. ಆ ಮಾತು ಆಮೇಲೆ ಊರೆಲ್ಲ ಸುತ್ತಿತು. ಆಲ್ದೂರಿನ ಹಳಬರು ಈಗಲೂ ನನ್ನನ್ನು ತಮ್ಮ ಮೊಮ್ಮಕ್ಕಳಿಗೆ ಪರಿಚಯಿಸುವುದು ಹಾಗೆಯೇ: ಇವರ ತಾಯಿ ರೇಡಿಯೊದಲ್ಲಿ ಇವರ ದನಿ ಕೇಳುತ್ತಲೇ ಪ್ರಾಣ ಬಿಟ್ಟರು ಎಂದು.

ಅಣ್ಣ ಸಮಾಧಾನಕ್ಕೆ ಕೊಟ್ಟದ್ದು ನನಗೆ ಮುಳ್ಳಾಯಿತು. ಅವಳು ಹೋದ ಆ ಕ್ಷಣ ನಾನು ಏನು ಹೇಳುತ್ತಿದ್ದೆ? ಪಾಸು ತಪ್ಪಿತು ಅನ್ನುತ್ತಿದ್ದೆನೆ? ಆ ದಪ್ಪ ಗೋಲ್‌ಕೀಪರನ ತಮಾಷೆಯೆ? ಅಥವಾ ಆ ಗೋಲೆ? ಜೀವಮಾನವೆಲ್ಲ ಮೆತ್ತಗೆ ಮಾತಾಡಿದ ಹೆಂಗಸು ಅವಳು. ಅವಳ ಕಿವಿಗೆ ಕೊನೆಗೆ ಬಿದ್ದದ್ದು ಮಗನನ್ನು ಯಾರೋ ಹೊಡೆಯುತ್ತಿದ್ದಾರೇನೋ ಅನ್ನುವಂಥ ಕಿರುಚಾಟವೆ? ಅವಳಿಗೆ ಹಾಕಿಯೂ ಗೊತ್ತಿಲ್ಲ, ಗೋಲೂ ಗೊತ್ತಿಲ್ಲ. ಹೆದರಿದಳೆ? ಕೇಂದ್ರಕ್ಕೆ ವಾಪಸು ಹೋದ ಮೇಲೆ ಆ ದಿನದ ಟೇಪು ಹುಡುಕಿದೆ. ಅದರ ಮೇಲೆ ಬೇರೆ ಏನನ್ನೋ ಮುದ್ರಿಸಿಕೊಂಡಾಗಿತ್ತು. ಅಣ್ಣನನ್ನು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಗೋಲಿನ ಹೊತ್ತಿಗೇ ಹೋದಳು ಎಂದು ಅವನೇನಾದರೂ ಹೇಳಿಬಿಟ್ಟರೆ ಆಮೇಲೆ ಅದನ್ನು ಇಟ್ಟುಕೊಂಡು ಬದುಕುವುದು ಹೇಗೆ?

ಮುಂದಿನ ಪಂದ್ಯಗಳಲ್ಲಿ ಗೋಲು ಬಂದಾಗಲೆಲ್ಲ ನನ್ನ ದನಿ ತಾನಾಗಿ ಇಳಿಯತೊಡಗಿತು. ಎಲ್ಲರೂ ಎದ್ದು ಕುಣಿಯುವಾಗ ನಾನು, ಗೋಲಾಗಿದೆ ಎಂದು ಆಸ್ಪತ್ರೆಯ ವರಾಂಡದಲ್ಲಿ ಹೇಳುವ ಹಾಗೆ ಹೇಳುತ್ತಿದ್ದೆ. ವೆಂಕಟರಾಮಯ್ಯನವರು ಕೆಲವು ಸಲ ಸುಮ್ಮನಿದ್ದರು. ಆಮೇಲೆ, ನಿನ್ನ ಗೋಲು ಗೋಲಿನ ಹಾಗೆ ಕೇಳಿಸುತ್ತಿಲ್ಲ ಎಂದರು. ಮರುವರ್ಷದ ದೊಡ್ಡ ಪಂದ್ಯಾವಳಿಗೆ ಬೇರೆಯವರು ಹೋದರು. ಅದರ ಮರುವರ್ಷ ನಾನೇ ಬೇಡವೆಂದೆ. ಪೇಟೆ ಧಾರಣೆಗೆ ಮರಳಿ, ನಿವೃತ್ತಿಯಾಗುವವರೆಗೂ ಅಲ್ಲೇ ಉಳಿದೆ. ಕಾಳುಮೆಣಸಿನ ಬೆಲೆಯನ್ನು ಯಾರೂ ಅರಚಿ ಹೇಳು ಅನ್ನುವುದಿಲ್ಲ. ಇದರಿಂದ ಬೇಸರವೇನೂ ಆಗಲಿಲ್ಲ ಎಂದು ಬಹಳ ಜನರಿಗೆ ಹೇಳಿದ್ದೇನೆ. ನಿಮಗೆ ಹಾಗೆ ಹೇಳುವುದಿಲ್ಲ. ನನಗೆ ಅದೊಂದೇ ಕೆಲಸ ಚೆನ್ನಾಗಿ ಬರುತ್ತಿತ್ತು.

ಅಣ್ಣನಿಗೂ ನನಗೂ ಜಗಳವಾಗಲಿಲ್ಲ. ಆದರೆ ಅವನ ಮನೆಗೆ ಟೀವಿ ಬಂದ ಮೇಲೆ, ಮ್ಯಾಚು ನೋಡೋಣ ಬಾ ಎಂದು ಅವನು ಕರೆದಾಗಲೆಲ್ಲ ನಾನು ಏನೋ ನೆಪ ಹೇಳಿ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ. ರೇಡಿಯೊದಲ್ಲಿ ದೊಡ್ಡ ಮನುಷ್ಯನಾಗಿದ್ದವನು, ಈಗ ಟೀವಿ ನೋಡಲು ಅವಮಾನ ಎಂದು ಅವನು ಅಂದುಕೊಂಡಿರಬೇಕು. ಬರಬರುತ್ತ ಕರೆಯುವುದನ್ನು ಬಿಟ್ಟ. ಹಬ್ಬಕ್ಕೆ ಬಂದರೆ ಉಂಡು, ಬೆಳೆಯ ಮಾತಾಡಿ, ಬಸ್ಸಿನ ಹೊತ್ತಾಯಿತು ಎಂದು ಏಳುವುದು. ಹೀಗೇ ವರ್ಷಗಳು ಹೋದವು. ನಿವೃತ್ತಿಯಾಗಿ ಹೆಂಡತಿಯ ಊರು ಮೂಡಿಗೆರೆಗೆ ಬಂದು ನೆಲಸಿದ ಮೇಲೆ ಅಣ್ಣ ಇನ್ನೂ ಹತ್ತಿರವಾಗಿದ್ದ. ಹೋಗಿ ಬರುವುದೇನೂ ಹೆಚ್ಚಾಗಲಿಲ್ಲ.

ಈ ಚಳಿಗಾಲದಲ್ಲಿ ಗೋಣಿಬೀಡಿನ ಕೆಲವು ಯುವಕರು ಟೆನಿಸ್ ಬಾಲ್ ಕ್ರಿಕೆಟ್ಟಿಗೆ ವಿವರಣೆ ಕೊಡಿ ಸಾರ್ ಎಂದು ಬಂದಿದ್ದರು. ಯಾರೋ ಹಳಬರು ನನ್ನ ಹೆಸರು ಹೇಳಿದ್ದರಂತೆ. ಶಾಲು ಹೊದಿಸಿ, ಶಾಮಿಯಾನದ ಕೆಳಗೆ ಕೂರಿಸಿ, ಮೈಕು ಕೊಟ್ಟರು. ಎಷ್ಟೋ ವರ್ಷದ ಮೇಲೆ ಕೈಗೆ ಬಂದ ಮೈಕು. ಬೌಲರ್ ಪೆವಿಲಿಯನ್ ತುದಿಯಿಂದ, ಅಂದರೆ ಹಲಸಿನ ಮರದ ಕಡೆಯಿಂದ, ಓಡಿ ಬರುತ್ತಿದ್ದಾರೆ ಎಂದು ಶುರುಮಾಡಿದೆ. ಸ್ವಲ್ಪ ಹೊತ್ತು ಕೇಳಿದ ಜನರಲ್ಲೊಬ್ಬ, "ಕಾಣ್ತದೆ ಸಾರ್," ಎಂದ. ಕುಚೋದ್ಯಕ್ಕಲ್ಲ, ನಿಜವಾಗಿಯೂ ಕಾಣುತ್ತಿತ್ತು. ಆಟ ಎದುರಿಗೇ ನಡೆಯುತ್ತಿತ್ತು. ಮಧ್ಯಾಹ್ನದ ಮೇಲೆ ಮೈಕನ್ನು ಹಾಡು ಹಾಕುವವನಿಗೆ ಕೊಟ್ಟು ಬಂದೆ.

ಆಲ್ದೂರಿನಲ್ಲಿ ಬಸ್ಸಿಳಿದಾಗ ರಸ್ತೆಯ ಒಂದು ಪಕ್ಕ ಪೂರ್ತಿ ಧೂಳು. ಸಾಲಿನ ಆ ತುದಿಯಿಂದ ಜೆಸಿಬಿ ಒಡೆಯುತ್ತ ಬರುತ್ತಿತ್ತು. ನಮ್ಮದು ಇನ್ನು ಎರಡು ಮೂರು ದಿನ ಎಂದು ಅಣ್ಣನ ಮಗ ಹೇಳಿ, ಹೊಸ ಅಂಗಡಿಗೆ ಹೋದ. ಅತ್ತಿಗೆ ನನಗಾಗಿ ಕಾಯುತ್ತಿದ್ದರು. ಬಾಗಿಲುಗಳನ್ನು ಕಿತ್ತಿದ್ದರಿಂದ ಕತ್ತಲೆ ಕೋಣೆಗೆ ಬೆಳಕು ಬಂದಿತ್ತು. ಅದು ಎಷ್ಟು ಚಿಕ್ಕ ಕೋಣೆ ಎಂದು ನನಗೆ ಮೊದಲ ಸಲ ಕಂಡಿತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು. ಅಣ್ಣನ ಕೊನೆಯ ದಿನಗಳು, ಮೊಮ್ಮಗಳ ಶಾಲೆ, ಹೊಸ ಮನೆಯ ನೀರಿನ ತಾಪತ್ರಯ, ಹೀಗೆ ಏನೇನೋ ಹೇಳುತ್ತಿದ್ದರು. ಮಾತು ಮಾತಿಗೆ ಸೇರಿ, ಈ ಕೋಣೆಯಲ್ಲಿ ಎಷ್ಟು ಜನ ಹಿಡಿಸುತ್ತಿದ್ದರು ಎನ್ನುವಲ್ಲಿಗೆ ಬಂತು.

"ಅವತ್ತು ನಿಮ್ದು ಆ ದೊಡ್ಡ ಆಟ ನಡೀತಲ್ಲ, ಆವಾಗ ನೋಡ್ಬೇಕಿತ್ತು," ಎಂದರು ಅತ್ತಿಗೆ. "ಇದ್ದಿದ್ದು ಒಂದೇ ರೇಡಿಯೊ. ನಿಮ್ಮಣ್ಣ ಅದನ್ನ ತಂದು ಅತ್ತೆ ತಲೆ ಹತ್ರ ಇಟ್ರು ಅಂತ ಅಂಗಡಿ ಜನ ಎಲ್ಲ ಈ ಬಾಗಿಲ ತನಕ ಬಂದು ಕೂತಿದ್ರು. ಅತ್ತೆ ಅದನ್ನ ನಿಲ್ಲಿಸಿದ್ ಕೂಡ್ಲೆ ಅಷ್ಟೂ ಜನ ಎದ್ದು ಕ್ಷೌರದಂಗಡಿಗೆ ಓಡಿದ್ರು. ಅವಸರದಲ್ಲಿ ಚಪ್ಪಲಿನೂ ಅದಲುಬದಲು."

ಅವರು ನಗುತ್ತಿದ್ದರು. 

"ಅವ್ವ ನಿಲ್ಲಿಸಿದ್ಲಾ?" ಎಂದೆ.

"ಹೂಂ. ಆಮೇಲಾದ್ರೂ ನಿಮ್ಮಣ್ಣ ಹೇಳಿರ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಅತ್ತಿಗೆಯ ನಗು ನಿಂತಿತು. ಹೇಳಬಾರದ್ದು ಹೇಳಿಬಿಟ್ಟೆನೋ ಎಂದು ಅವರು ಅನುಮಾನಿಸುತ್ತಿದ್ದುದು ಕಂಡು, ಹೇಳಿ ಎಂದೆ.

"ಒಂದಷ್ಟು ಹೊತ್ತು ಚೆನ್ನಾಗೇ ಕೇಳಿದ್ರು. ಆಮೇಲೆ ಕೈ ಆಡಿಸಿ ನಿಮ್ಮಣ್ಣನ್ನ ಕರೆದ್ರು. ಸಾಕು ನಿಲ್ಸೋ, ಆವಾಗಿಂದ ಒಂದೇ ಸಮ ಮಾತಾಡ್ತಾ ಇದಾನೆ ಪಾಪ, ಒಂಚೂರು ಸುಧಾರಿಸ್ಕೊಳ್ಲಿ ಅವ್ನು, ಅಂದ್ರು."

ಅಣ್ಣ ಅವಳಿಗೆ ತಿಳಿಸಿ ಹೇಳಲು ನೋಡಿದನಂತೆ. ಇದನ್ನು ಇಲ್ಲಿ ಆರಿಸಿದರೆ ಅವನ ಮಾತು ನಿಲ್ಲುವುದಿಲ್ಲ, ಅವನು ಅಲ್ಲಿ ಮಾತಾಡುತ್ತಲೇ ಇರುತ್ತಾನೆ ಎಂದನಂತೆ. ಅವ್ವ ಒಪ್ಪಲಿಲ್ಲ, ನೀನು ನಿಲ್ಲಿಸು ಎಂದಳು. ನಿಲ್ಲಿಸಿದ. ಜನ ಎದ್ದು ಹೋದರು. ಅತ್ತಿಗೆ ಚಮಚದಲ್ಲಿ ಬಿಸಿನೀರು ಕುಡಿಸಿದರು. ಕುಡಿದು, ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತು ಎಂದುಕೊಂಡರಂತೆ. ಅಣ್ಣ ಅಂಗಡಿಗೆ ಹೋಗಿ ಕೂತನಂತೆ. ಎದುರು ಕ್ಷೌರದಂಗಡಿಯಲ್ಲಿ ಗೋಲಿಗೆ ಜನ ಕೂಗಿದಾಗ, ಅವ್ವನಿಗೆ ಎಚ್ಚರವಾಯಿತೇನೋ ಎಂದು ನೋಡಲು ಬಂದವನಿಗೆ ಗೊತ್ತಾಯಿತಂತೆ.

"ಅಣ್ಣ ನನಗೆ ಬೇರೆ ಹೇಳಿದ್ನಲ್ಲ ಅತ್ತಿಗೆ."

"ಕೊನೆ ಗಳಿಗೇಲಿ ನಿನ್ನ ದನಿ ನಿಲ್ಲಿಸ್ಬಿಟ್ಲು ಅಂತ ನಿಮಗೆ ಹೆಂಗೆ ಹೇಳ್ತಾರೆ?" ಎಂದರು ಅತ್ತಿಗೆ. "ಬೇಜಾರಾಗ್ತದೆ ಅಂತ ಇರ್ಬೇಕು. ಇಲ್ಲಿ ಕೂತಿದ್ದವರೂ ಅದಕ್ಕೇ ಸುಮ್ನಿದ್ರೇನೋ. ಅವರಿಗೆ ನಿಮ್ಮ ಬೇಜಾರು ತಡಿಯಕ್ಕೆ ಆಗ್ತಿರ್ಲಿಲ್ಲ."

ಅವಳಿಗೆ ಗೋಲು ಕೇಳಿಸಿರಲಿಲ್ಲ. ತಮಾಷೆಯೂ ಕೇಳಿಸಿರಲಿಕ್ಕಿಲ್ಲ. ನಾನು ಇಷ್ಟು ವರ್ಷ ಹುಡುಕುತ್ತಿದ್ದ ಆ ಕೊನೆಯ ವಾಕ್ಯ ಇರಲೇ ಇಲ್ಲ. ಅವಳು ಮಗನಿಗೆ ಆಯಾಸವಾದೀತೆಂದು ರೇಡಿಯೊ ಆರಿಸಿ, ಆ ಸದ್ದಿಲ್ಲದ ಕೋಣೆಯಲ್ಲಿ ಹೋಗಿದ್ದಳು. ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಕೇಳಿದ್ದರೆ ಅಣ್ಣ ಯಾವತ್ತೋ ಹೇಳುತ್ತಿದ್ದ. ಅವನು ಹೇಳಿ, ನಾನು ಕೇಳಿ, ಇಬ್ಬರೂ ಅವ್ವನ ಮುಗ್ಧತನಕ್ಕೆ ಅತ್ತು ನಕ್ಕು, ಒಟ್ಟಿಗೆ ಕೂತು ಒಂದು ಮ್ಯಾಚು ನೋಡಬಹುದಿತ್ತು. ನನ್ನ ಗೋಲು ಗೋಲಿನ ಹಾಗೇ ಉಳಿಯುತ್ತಿತ್ತು. ಈಗ ಇದನ್ನು ಹೇಳಲು ಅವನಿಲ್ಲ. ಅವನ ಮೇಲೆ ಸಿಟ್ಟು ಮಾಡೋಣವೆಂದರೆ, ನನ್ನ ಬೇಜಾರು ತಡೆಯಲಾರದೆ ಸುಳ್ಳು ಹೇಳಿದವನ ಮೇಲೆ ಹೇಗೆ ಸಿಟ್ಟು ಮಾಡುವುದು?

ಆಚೆ ಜೆಸಿಬಿಯವನು ಊಟಕ್ಕೆ ನಿಲ್ಲಿಸಿದ. ಧೂಳು ನಿಧಾನವಾಗಿ ಇಳಿಯುತ್ತಿತ್ತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು.

"ಯಾಕೆ ಸುಮ್ನಾಗ್ಬಿಟ್ರಿ?"

"ಏನಿಲ್ಲ ಅತ್ತಿಗೆ," ಎಂದೆ. "ಒಂಚೂರು ಸುಧಾರಿಸ್ಕೊಳ್ತೀನಿ."

ಅವರು ಎದ್ದು ಹೋಗಿ, ಹೊಸ ಮನೆಗೆ ಒಯ್ಯಲೆಂದು ಸುತ್ತಿಟ್ಟಿದ್ದ ಚಾಪೆಗಳಲ್ಲಿ ಒಂದನ್ನು ತಂದು, ನೆಲದ ಮಣ್ಣು ಸೆರಗಿನಿಂದ ಒರೆಸಿ ಹಾಸಿದರು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾಗಿದ್ದವನು ಗೋಡೆಯ ಕಡೆ ಹೊರಳಿ ಸಂಜೆಯವರೆಗೂ ಅಲ್ಲೇ ಮಲಗಿದ್ದೆ.